ಮೈನಸ್ ಐದು

“ಎಡಗಡೆ ನಡುವಿನ ಹಿಡಿಗೆ ಒಬ್ರು ಕಮ್ಮಿ. ನೀವು ಬನ್ನಿ,” ಎಂದು ಗ್ಲೆನ್ ಆ ಅಪರಿಚಿತನ ಮೊಣಕೈ ಹಿಡಿದು ಎಳೆದೇಬಿಟ್ಟ.

ಶವಪೆಟ್ಟಿಗೆ ಚರ್ಚಿನ ಬಾಗಿಲಿಗೆ ಬಂದು ನಿಂತಿತ್ತು. ಚಕ್ರದ ಗಾಡಿ ಅಲ್ಲಿಯವರೆಗೆ ಮಾತ್ರ. ಅಲ್ಲಿಂದ ಏಳು ಮೆಟ್ಟಿಲು ಕೈಯಲ್ಲೇ ಇಳಿಸಿ ಕಪ್ಪು ಕಾರಿಗೆ ಸೇರಿಸಬೇಕು. ಆರು ಜನ ಬೇಕು, ಐವರಿದ್ದರು. ಆರನೆಯವನಾಗಿ ಬರಬೇಕಿದ್ದ ಎದುರುಮನೆಯಾತನಿಗೆ ಬೆಳಿಗ್ಗೆ ಸೊಂಟ ಹಿಡಿದುಕೊಂಡಿತ್ತಂತೆ. ಅವನ ಅಂಗಳದಲ್ಲಿ ನೆಟ್ಟ ಪಕ್ಷದ ಚುನಾವಣಾ ಫಲಕಕ್ಕೂ ಸತ್ತವನ ಅಂಗಳದ ಫಲಕಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಮತದಾನಕ್ಕೆ ಇನ್ನು ಮೂರು ವಾರವಿತ್ತು. ಆ ದಿನಗಳಲ್ಲಿ ಒಹಾಯೊದಲ್ಲಿ ಯಾರ ಸೊಂಟ ಯಾವ ಕಾರಣಕ್ಕೆ ಹಿಡಿಯುತ್ತದೆಂದು ಯಾರೂ ಕೇಳುತ್ತಿರಲಿಲ್ಲ.

“ನಾನು ಇಲ್ಲಿ ಯಾರಿಗೂ ಗೊತ್ತಿಲ್ಲ,” ಎಂದ ಅಪರಿಚಿತ.

“ಪೆಟ್ಟಿಗೆ ಹೊರೋಕೆ ಗುರುತಿನ ಚೀಟಿ ಏನೂ ಬೇಡ. ಬೆನ್ನು ನೆಟ್ಟಗಿದೆಯಾ?”

“ಇದೆ.”

“ಹಾಗಾದ್ರೆ ಹಿಡ್ಕೊಳ್ಳಿ.”

ಅವನ ಹೆಸರು ವೆಂಡೆಲ್ ಆಸ್ಕ್ಯೂ. ಐವತ್ತೆಂಟರ ದಪ್ಪ ಮನುಷ್ಯ, ಪಕ್ಕದ ಇಂಡಿಯಾನಾ ರಾಜ್ಯದ ಒಂದು ಗ್ರಂಥಾಲಯದಲ್ಲಿ ಕಂಪ್ಯೂಟರು ನೋಡಿಕೊಳ್ಳುವ ಕೆಲಸ. ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಸತ್ತವನ ಹೆಂಡತಿಗೆ ಒಂದು ಮಾತು ಹೇಳಿ ಹೊರಟುಬಿಡುವುದು ಅವನ ಲೆಕ್ಕಾಚಾರ. ಆ ಒಂದು ಮಾತನ್ನು ದಾರಿಯುದ್ದಕ್ಕೂ ಹತ್ತು ಬಗೆಯಲ್ಲಿ ಹೇಳಿ ನೋಡಿದ್ದ, ಯಾವ ಬಗೆಯಲ್ಲೂ ಅದು ಬಾಯಿಂದ ಹೊರಡುವಂತಿರಲಿಲ್ಲ.

ಮೆಟ್ಟಿಲು ಇಳಿಯುವಾಗ ಭಾರವೆಲ್ಲ ಎಡಗಡೆಗೆ ವಾಲಿತು. ಹಿತ್ತಾಳೆಯ ಹಿಡಿ ಅಂಗೈಗೆ ಕೊರೆಯಿತು.

“ಆರಿನ್‌ಗೆ ನೀವು ಏನಾಗ್ಬೇಕು?” ಮುಂದಿನ ಹಿಡಿಯಲ್ಲಿದ್ದ ಗ್ಲೆನ್ ತಿರುಗದೆಯೇ ಕೇಳಿದ.

“ಏನೂ ಇಲ್ಲ. ಮಾತಾಡ್ತಿದ್ವಿ.”

“ಆರಿನ್ ಮಾತಾಡ್ತಿದ್ನಾ?” ಗ್ಲೆನ್‌ಗೆ ಅಂಥ ಹೊತ್ತಿನಲ್ಲೂ ನಗು ಬಂತು. “ನನ್ನ ತಂಗಿ ಗಂಡ ಸ್ವಾಮಿ ಅವ್ನು, ನಲವತ್ತೊಂದು ವರ್ಷ ನೋಡಿದೀನಿ. ದಿನವಿಡೀ ಒಂದೇ ದೋಣಿಲಿ ಕೂತು ಮೀನು ಹಿಡಿದ್ರೂ ಮೂರೇ ಮಾತು. ಬಂತು, ಹೋಯ್ತು, ಹಸಿವಾಯ್ತು.”

* * *

ಗ್ಲೆನ್ ಹೇಳಿದ್ದು ಸುಳ್ಳಲ್ಲ. ಆರಿನ್ ಪ್ರೂಯಿಟ್ ಮೂವತ್ತನಾಲ್ಕು ವರ್ಷ ಕಿರಾಣಿ ಅಂಗಡಿಗಳ ತಕ್ಕಡಿ, ಬಿಲ್ಲು ಹಾಕುವ ಯಂತ್ರ ರಿಪೇರಿ ಮಾಡಿಕೊಂಡಿದ್ದವನು. ಊಟದ ಮೇಜಿನಲ್ಲಿ ಉಪ್ಪು ಬೇಕಿದ್ದರೂ ಬೆರಳು ತೋರಿಸುವ ಆಸಾಮಿ. ಆದರೆ ಹದಿಮೂರು ಮೆಟ್ಟಿಲು ಇಳಿದು ನೆಲಮಾಳಿಗೆಯ ಕಂಪ್ಯೂಟರಿನ ಮುಂದೆ ಕೂತನೆಂದರೆ ಬೇರೆಯೇ ಮನುಷ್ಯನಾಗುತ್ತಿದ್ದ. ಅಲ್ಲಿ ಅವನ ಹೆಸರು ತುಕ್ಕುಮೊಳೆ.

ಕಾಪರ್‌ಲೈನ್ ಎಂಬುದು ಇಂಟರ್‌ನೆಟ್ಟಿನ ಒಂದು ಹಳೆಯ ಹರಟೆಕಟ್ಟೆ. ಬೆಳಿಗ್ಗೆ ಯಾರಾದರೂ ಒಂದು ತಂತ್ರಜ್ಞಾನದ ಸುದ್ದಿ ತಂದು ಹಾಕುತ್ತಿದ್ದರು. ಹೊಸ ಬ್ಯಾಟರಿಯ ಸುದ್ದಿಯಿರಲಿ, ಉಪಗ್ರಹದ ಸುದ್ದಿಯಿರಲಿ, ನಾಲ್ಕನೆಯ ಕಾಮೆಂಟಿಗೆ ಅದು ವಾಷಿಂಗ್ಟನ್ನಿನ ರಾಜಕೀಯ ತಲುಪಿಬಿಡುತ್ತಿತ್ತು. ಐದನೆಯದಕ್ಕೆ ತುಕ್ಕುಮೊಳೆ ಬರುತ್ತಿದ್ದ, ಆರನೆಯದಕ್ಕೆ ಥರ್ಮೋಸ್. ಥರ್ಮೋಸ್ ಎಂದರೆ ಇದೇ ವೆಂಡೆಲ್. ಇಬ್ಬರೂ ಹತ್ತೊಂಬತ್ತು ವರ್ಷ ದಿನ ತಪ್ಪದೆ ಕಿತ್ತಾಡಿದರು. ಒಬ್ಬ ಮೆಚ್ಚಿದ ಅಧ್ಯಕ್ಷ ಇನ್ನೊಬ್ಬನ ಪಾಲಿಗೆ ದೇಶ ಮುಳುಗಿಸಲು ಹುಟ್ಟಿದವನು. ಒಬ್ಬ ಹೊಗಳಿದ ಕಂಪನಿ ಇನ್ನೊಬ್ಬನ ಕಣ್ಣಿಗೆ ದರೋಡೆಕೋರರ ಸಂತೆ. ಇಬ್ಬರೂ ಒಮ್ಮೆಯೂ ಮುಖ ನೋಡಿರಲಿಲ್ಲ, ದನಿ ಕೇಳಿರಲಿಲ್ಲ.

ಕಟ್ಟೆಗೊಂದು ಕಟ್ಟಳೆಯಿತ್ತು. ಕಾಮೆಂಟು ಹಿಡಿಸಿದರೆ ಪ್ಲಸ್ ಒತ್ತುವುದು, ಹಿಡಿಸದಿದ್ದರೆ ಮೈನಸ್. ಮೈನಸ್ ಐದಾದರೆ ಆ ಕಾಮೆಂಟು ಮಡಚಿಕೊಂಡು, ಅದರ ಜಾಗದಲ್ಲಿ ಬೂದುಬಣ್ಣದ ಒಂದು ಗೆರೆ ಮಾತ್ರ ಉಳಿಯುತ್ತಿತ್ತು. ಬಿಡಿಸಿ ಓದಬಹುದಿತ್ತು, ಆದರೆ ಬಿಡಿಸುವ ತೊಂದರೆ ತೆಗೆದುಕೊಳ್ಳುವವರು ಯಾರು? ಕಟ್ಟೆಯ ಹಳಬರಿಗೆ ಹಳಸಿದ ತಮಾಷೆ ಕಂಡರೆ ಆಗುತ್ತಿರಲಿಲ್ಲ, ಕೂಡಲೇ ಮೈನಸ್ ಒತ್ತುತ್ತಿದ್ದರು. ಎಲ್ಲಕ್ಕಿಂತ ಹಳಸಿದ ತಮಾಷೆಯೆಂದರೆ, ‘ನೀನು ಬರೆದದ್ದು ಓದಿ ಎದೆ ಹಿಡ್ಕೊಂಡೆ.’ ತಿಂಗಳಿಗೆ ನಾಲ್ಕು ಸಲ ಯಾರಾದರೂ ಒಬ್ಬರು ಹಾಗೆ ಸಾಯುತ್ತಿದ್ದರು. ತುಕ್ಕುಮೊಳೆಯೇ ಎಷ್ಟು ಸಲ ಸತ್ತಿದ್ದನೋ.

ಅವರ ಒಂದು ಜಗಳ ಮಾತ್ರ ಇಲ್ಲಿ ಹೇಳಬೇಕು. ಎರಡು ವರ್ಷದ ಹಿಂದೆ ಫೋನ್ ಕಂಪನಿಯವರು ಆರಿನ್‌ನ ಬೀದಿಯ ತಾಮ್ರದ ತಂತಿ ಕಿತ್ತು ಹೊಸ ಪೆಟ್ಟಿಗೆ ಕೂರಿಸಿದರು. ಮೇಲೆ ಅಡಿಗೆಮನೆಯ ಫೋನು ಉಳಿಯಿತು, ನೆಲಮಾಳಿಗೆಯ ಫೋನು ಸತ್ತಿತು. ಮೊಬೈಲನ್ನು ಅವನು ಮುಟ್ಟುತ್ತಿರಲಿಲ್ಲ. ಯಂತ್ರದ ಹೊಟ್ಟೆ ಬಲ್ಲವನಿಗೆ ಅದನ್ನು ಜೇಬಿನಲ್ಲಿ ಇಟ್ಟುಕೊಳ್ಳುವ ಧೈರ್ಯ ಇರುವುದಿಲ್ಲ ಎನ್ನುತ್ತಿದ್ದ. ಸತ್ತ ಫೋನಿನ ಮೇಲೆ ತುಕ್ಕುಮೊಳೆ ಎರಡು ಪುಟ ಬರೆದು ಸೆನೆಟ್ಟಿನ ಮೇಲೆಲ್ಲ ಹರಿಹಾಯ್ದ. ಥರ್ಮೋಸ್ ಒಂದೇ ಸಾಲಿನಲ್ಲಿ ಉತ್ತರ ಕೊಟ್ಟ: ‘ನೆಲಮಾಳಿಗೆಯಲ್ಲಿ ಫೋನು ಯಾಕಪ್ಪಾ, ಇಲಿಗಳು ಕರೆ ಮಾಡ್ತಾವಾ?’ ಐವತ್ತೆರಡು ಪ್ಲಸ್ ಬಂದಿತ್ತು.

ಅವರ ನಡುವೆ ಒಳ್ಳೆಯದೂ ಒಂದು ನಡೆದಿತ್ತು. ಏಳು ವರ್ಷದ ಹಿಂದೆ ವೆಂಡೆಲ್‌ನ ತಾಯಿ ತೀರಿಕೊಂಡಾಗ ಅವನು ಒಂಬತ್ತು ದಿನ ಕಟ್ಟೆಯ ಕಡೆ ಬರಲಿಲ್ಲ. ಹತ್ತನೆಯ ದಿನ ನೋಡಿದರೆ ಬೇರೆ ಯಾರಿಗೂ ಕಾಣದ ಹಾಗೆ ತುಕ್ಕುಮೊಳೆಯ ಒಂದು ಪತ್ರ. ‘ಜಗಳಕ್ಕೆ ಜನ ಇಲ್ಲ. ಬದುಕಿದ್ದೀಯಾ? ನಾನು ಆರಿನ್ ಪ್ರೂಯಿಟ್, ಊರು ಟಿಲ್ಡನ್ ಕಾರ್ನರ್ಸ್. ಇದು ಮನೆಯ ನಂಬರು. ನಾನು ಫೋನಿನಲ್ಲಿ ಚೆನ್ನಾಗಿ ಮಾತಾಡುವವನಲ್ಲ, ಆದರೆ ಎತ್ತುತ್ತೇನೆ.’ ವೆಂಡೆಲ್ ಆ ನಂಬರನ್ನು ತನ್ನ ಮೊಬೈಲಿನಲ್ಲಿ ತುಕ್ಕುಮೊಳೆ ಎಂಬ ಹೆಸರಿಗೆ ಬರೆದಿಟ್ಟುಕೊಂಡ. ಒಂದು ಸಲವೂ ಕರೆ ಮಾಡಲಿಲ್ಲ.

* * *

ಮಣ್ಣು ಕೊಟ್ಟು ಬಂದಮೇಲೆ ಚರ್ಚಿನ ಕೆಳಗಿನ ಹಜಾರದಲ್ಲಿ ಊಟ. ಹಂದಿಮಾಂಸದ ತೆಳು ಚೂರು, ಚೀಸು ಹಾಕಿ ಬೇಯಿಸಿದ ಆಲೂಗಡ್ಡೆ, ನಡುಗುವ ಹಸಿರು ಜೆಲ್ಲಿ. ನೆರೆಮನೆಯ ಬೆವ್ ಸೌಟು ಹಿಡಿದು ನಿಂತಿದ್ದಳು. ಸಾವಿನ ಮನೆಯವರಿಗೆ ಬಡಿಸುವುದರಲ್ಲಿ ಅವಳದು ಎತ್ತಿದ ಕೈ, ಬೇಡವೆಂದರೆ ಎರಡು ಸೌಟು ಹೆಚ್ಚು.

“ಯಾರಪ್ಪ ನೀವು, ಬರೀ ಕಾಫಿ ಹಿಡ್ಕೊಂಡು ನಿಂತಿದೀರಿ. ಹೆಣ ಹೊತ್ತ ಕೈ ಬರಿದು ಇರಬಾರ್ದು, ತಗೊಳ್ಳಿ,” ಎಂದು ತಟ್ಟೆ ತುಂಬಿಸಿಕೊಟ್ಟಳು.

ವೆಂಡೆಲ್ ತಟ್ಟೆ ಹಿಡಿದು ಗೋಡೆಗೆ ಒರಗಿದ. ಮೂರು ಹೆಜ್ಜೆ ಆಚೆ ಮಾರ್ಲಿಸ್ ಕೂತಿದ್ದಳು, ಸತ್ತವನ ಹೆಂಡತಿ. ಸಣ್ಣ ಹೆಂಗಸು, ಅರವತ್ತಾರು ವಯಸ್ಸು, ಕಪ್ಪು ಉಡುಪು ಯಾರದೋ ಎರವಲು ಪಡೆದದ್ದೆಂದು ತೋಳು ನೋಡಿದರೆ ತಿಳಿಯುತ್ತಿತ್ತು. ಅವಳು ಅಳುತ್ತಿರಲಿಲ್ಲ. ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು.

“ಡಾಕ್ಟ್ರು ಹೇಳಿದ್ರು, ಎದೆನೋವು ಒಂದೆರಡು ಗಂಟೆ ಮುಂಚೇನೇ ಶುರುವಾಗಿತ್ತಂತೆ. ನಾನು ಮೇಲೆ ಸೇಬಿನ ಸಿಪ್ಪೆ ತೆಗೀತಿದ್ದೆ. ರೇಡಿಯೋ ಹಾಕ್ಕೊಂಡಿದ್ದೆ. ಅವ್ರು ಕೂಗಿದ್ರೇನೋ.”

“ಕೂಗಿರಲ್ಲ ಬಿಡು,” ಎಂದ ಗ್ಲೆನ್.

“ನಿಂಗೆ ಹೇಗೆ ಗೊತ್ತು? ನೀನಿದ್ದೆಯಾ ಅಲ್ಲಿ?”

“ಎಲ್ಲಾ ದೇವರ ಚಿತ್ತ, ಮಾರ್ಲಿಸ್ ಅಮ್ಮ,” ಎಂದರು ಪಾದ್ರಿಗಳು.

“ದೇವರ ವಿಷ್ಯ ನಾನು ಕೇಳ್ಲಿಲ್ಲ ಪಾದ್ರಿಗಳೇ. ರೇಡಿಯೋ ಜೋರಾಗಿತ್ತಾ ಅಂತ ಕೇಳ್ತಿದೀನಿ. ಹನ್ನೆರಡೂ ಹತ್ತಕ್ಕೆ ಸೂಪ್ ಆಯ್ತು ಬನ್ನಿ ಅಂತ ಕೂಗಿ, ಬರ್ಲಿಲ್ಲ ಅಂತ ಇಳಿದು ನೋಡಿದ್ರೆ ಕುರ್ಚಿ ಪಕ್ಕ ಬಿದ್ದಿದ್ರು. ಹದಿಮೂರು ಮೆಟ್ಟಿಲು. ನಾನು ಹಾಡು ಕೇಳ್ಕೊಂಡು ಕೂತಿದ್ದೆ.”

ಬೆವ್ ಸೌಟನ್ನು ಪಾತ್ರೆಯಲ್ಲಿಟ್ಟಳು. ವೆಂಡೆಲ್‌ನ ಕಾರಿನ ಕೀಲಿ ಅವನ ಕೋಟಿನ ಜೇಬಿನಲ್ಲೇ ಇತ್ತು. ಬಾಗಿಲು ಹತ್ತಿರವೇ ಇತ್ತು. ಅವನು ಹೋಗಿಬಿಟ್ಟರೆ ಯಾರೂ ತಡೆಯುತ್ತಿರಲಿಲ್ಲ, ಏಕೆಂದರೆ ಏನು ನಡೆಯಿತೆಂದು ಬಲ್ಲವನು ಆ ಹಜಾರದಲ್ಲಿ ಅವನೊಬ್ಬನೇ.

* * *

ಆರಿನ್ ತೀರಿಕೊಂಡ ಮಂಗಳವಾರ ಬೆಳಿಗ್ಗೆ ವೆಂಡೆಲ್‌ನ ಗ್ರಂಥಾಲಯದಲ್ಲಿ ಜನವಿರಲಿಲ್ಲ. ಮತ ಎಣಿಸುವ ಯಂತ್ರಗಳ ಬಗ್ಗೆ ಯಾರೋ ಒಂದು ಸುದ್ದಿ ಹಾಕಿದ್ದರು, ಕಟ್ಟೆಯ ಮೇಲೆ ಆಗಲೇ ನೂರಿಪ್ಪತ್ತು ಕಾಮೆಂಟು. ವೆಂಡೆಲ್ ತನ್ನದೊಂದು ಉದ್ದನೆಯ ವಾದ ಹಾಕಿ ತುಕ್ಕುಮೊಳೆಯ ದಾರಿ ಕಾಯುತ್ತ ಕೂತ. ಹತ್ತು ಐವತ್ತೆರಡಕ್ಕೆ ಬಂತು.

‘ಥರ್ಮೋಸ್, ನಿನ್ನ ವಾದ ಓದಿದಾಗಿಂದ ಎಡಗೈ ಜೋಮು ಹಿಡಿದಿದೆ, ಎದೆಯ ಮೇಲೆ ಯಾರೋ ಕೂತ ಹಾಗಿದೆ. ಉತ್ತರ ಆಮೇಲೆ ಬರೀತೀನಿ.’

ವೆಂಡೆಲ್‌ಗೆ ಮೊದಲು ಬಂದದ್ದು ಬೇಸರ. ಹೊಸದೇನಾದರೂ ಹೇಳಬಾರದೇ ಈ ಮುದುಕ ಎನ್ನಿಸಿತು. ಅಷ್ಟು ಹೊತ್ತಿಗೆ ನಾಲ್ಕು ಮೈನಸ್ ಬಿದ್ದಿದ್ದವು. ಐದನೆಯದನ್ನು ಅವನು ಒತ್ತಿದ. ಕಾಮೆಂಟು ಮಡಚಿಕೊಂಡಿತು. ಅದರ ಕೆಳಗೆ ತನ್ನ ಉತ್ತರ ಬರೆದ: ‘ನಿನ್ನ ಪಕ್ಷದವರಿಗೆ ಎಡಗಡೆ ಏನೂ ಕೆಲಸ ಮಾಡಲ್ಲ ಅಂತ ಎಲ್ಲರಿಗೂ ಗೊತ್ತು. ಹೋಗುವ ಮುಂಚೆ ಮತ ಹಾಕಿ ಹೋಗು, ಎಣಿಸುವ ಯಂತ್ರ ಸತ್ತವರದ್ದೂ ಎಣಿಸುತ್ತೆ ಅಂತ ನೀನೇ ಹೇಳಿದ್ದೆಯಲ್ಲ.’ ಆಮೇಲೆ ಊಟಕ್ಕೆ ಹೋದ. ತಿರುಗಿ ಬಂದು ನೋಡಿದರೆ ಮೂವತ್ತೊಂದು ಪ್ಲಸ್. ಒಳ್ಳೆಯ ದಿನ ಎಂದುಕೊಂಡ.

ಬುಧವಾರ ತುಕ್ಕುಮೊಳೆ ಬರಲಿಲ್ಲ. ಸಂಜೆ ವೆಂಡೆಲ್ ಮೊಬೈಲು ತೆಗೆದು ಆ ನಂಬರಿನ ಮೇಲೆ ಬೆರಳಿಟ್ಟ. ಈಗ ಫೋನು ಮಾಡಿದರೆ ಸೋತೆನೆಂದು ತಿಳಿಯುತ್ತಾನೆ, ಚುನಾವಣೆ ಮುಗಿಯಲಿ ಎಂದು ಒಳಗಿಟ್ಟ. ಗುರುವಾರವೂ ಬರದಿದ್ದಾಗ ಟಿಲ್ಡನ್ ಕಾರ್ನರ್ಸಿನ ಪತ್ರಿಕೆ ಹುಡುಕಿದ. ನಿಧನದ ಸುದ್ದಿಗಳಲ್ಲಿ ಎರಡನೆಯದು ಆರಿನ್‌ದು. ಆವತ್ತು ಮೊದಲ ಸಲ ಅವನ ಮುಖ ನೋಡಿದ. ದೊಡ್ಡ ಕಿವಿ, ನಾಚಿಕೆಯ ಮುಖ. ಹತ್ತೊಂಬತ್ತು ವರ್ಷ ಬೈದಾಡಿದ ಮನುಷ್ಯ ಇಷ್ಟು ಸಾಧುವಾಗಿ ಕಾಣುತ್ತಾನೆಂದು ಅವನು ಎಣಿಸಿರಲೇ ಇಲ್ಲ.

* * *

“ಅವ್ರು ಕೂಗ್ಲಿಲ್ಲ,” ಎಂದ ವೆಂಡೆಲ್.

ಎಲ್ಲರೂ ತಿರುಗಿದರು. ಮಾರ್ಲಿಸ್ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ನಿಮಗೆ ಹೇಗೆ ಗೊತ್ತು?”

“ಬರೆದಿದ್ರು. ಕಂಪ್ಯೂಟರಿನಲ್ಲಿ. ನೋವು ಶುರುವಾದಾಗ. ನಾನು ಓದಿದ್ದೆ.”

“ಏನಂತ ಬರೆದಿದ್ರು?”

ಅಷ್ಟು ಜನರ ನಡುವೆ, ಹಸಿರು ಜೆಲ್ಲಿಯ ಮುಂದೆ ನಿಂತು ಅವನಿಗೆ ಅದನ್ನು ಹೇಳಲಾಗಲಿಲ್ಲ. ಮಾರ್ಲಿಸ್ ಎದ್ದು ಕೈಚೀಲ ತೆಗೆದುಕೊಂಡಳು. “ಆ ಕಂಪ್ಯೂಟರು ಹಾಗೇ ಇದೆ. ನಾನು ಮುಟ್ಟಿಲ್ಲ. ಬನ್ನಿ, ತೋರ್ಸಿ.”

“ಮಾರ್ಲಿಸ್, ಜನ ಇದಾರೆ ಕಣೆ,” ಎಂದ ಗ್ಲೆನ್.

“ಜನ ಊಟ ಮಾಡ್ಲಿ.”

ಮನೆ ಎರಡು ಬೀದಿ ಆಚೆಗಿತ್ತು. ಇಬ್ಬರೂ ನಡೆದೇ ಹೋದರು. ಅಡಿಗೆಮನೆಯ ಮೇಜಿನ ಮೇಲೆ ಅರ್ಧ ಸುಲಿದ ಸೇಬಿನ ಬುಟ್ಟಿ ಹಾಗೇ ಕೊಳೆಯುತ್ತಿತ್ತು. ಗೋಡೆಗೆ ತೂಗುಹಾಕಿದ ಹಳೆಯ ಫೋನು, ಕಿಟಕಿಯಲ್ಲಿ ರೇಡಿಯೋ. ನೆಲಮಾಳಿಗೆಯಲ್ಲಿ ಬೆಸುಗೆಯ ವಾಸನೆ, ಗೋಡೆ ತುಂಬ ಸಣ್ಣ ಸಣ್ಣ ಡಬ್ಬಿಗಳು. ಅವಳು ಗೋಡೆಗೊರಗಿ ನಿಂತಳು. ಕುರ್ಚಿಯಲ್ಲಿ ಕೂರಲಿಲ್ಲ, ಅವನೂ ಕೂರಲಿಲ್ಲ.

ಮೌಸ್ ಅಲುಗಿಸಿದಾಗ ಕಪ್ಪು ಪರದೆ ಬೆಳಗಿತು. ಕಾಪರ್‌ಲೈನ್ ಮಂಗಳವಾರದ ಹರಟೆಯಲ್ಲೇ ನಿಂತಿತ್ತು, ಪ್ಲಸ್ ಮೈನಸ್ಸಿನ ಅಂಕಿ ಮಾತ್ರ ತಾನಾಗಿ ಬದಲಾಗಿತ್ತು.

“ಈ ಬೂದು ಗೆರೆ ಏನು?” ಎಂದಳು ಮಾರ್ಲಿಸ್.

“ಅದೇ ಅವರ ಮಾತು. ಐದು ಜನ ಬೇಡ ಅಂದ್ರೆ ಹೀಗೆ ಮಡಚಿ ಹೋಗತ್ತೆ, ಆಮೇಲೆ ಯಾರಿಗೂ ಕಾಣಲ್ಲ.”

“ಯಾರು ಆ ಐದು ಜನ?”

“ನಾಲ್ಕು ಜನ ಯಾರೋ ಗೊತ್ತಿಲ್ಲ. ಐದನೆಯವನು ನಾನು.”

ವೆಂಡೆಲ್ ಗೆರೆಯ ಮೇಲೆ ಒತ್ತಿದ. ಅವಳು ಕನ್ನಡಕ ಹಾಕಿಕೊಂಡು, ಹತ್ತಿರ ಬಂದು, ತುಟಿ ಅಲುಗಿಸುತ್ತ ಗಂಡನ ಮಾತು ಓದಿದಳು. ಆಮೇಲೆ ಅದರ ಕೆಳಗಿನದನ್ನೂ ಓದಿದಳು. ಅದರ ಪಕ್ಕದ ಮೂವತ್ತೊಂದರ ಮೇಲೆ ಬೆರಳಿಟ್ಟಳು.

“ಇದು?”

“ಮೆಚ್ಚಿದವರು.”

“ಥರ್ಮೋಸ್ ಯಾರು?”

“ನಾನೇ ಅಮ್ಮ. ಅದನ್ನ ಹೇಳೋಕೇ ಬಂದೆ. ಅವ್ರು ತಮಾಷೆ ಮಾಡ್ತಿದಾರೆ ಅಂದ್ಕೊಂಡೆ. ನಾವೆಲ್ಲ ದಿನಾ ಹಾಗೇ... ಅದು ನಮ್ಮ ರೂಢಿ.” ಅವನು ಮೌಸಿನಿಂದ ಕೈ ತೆಗೆದ. “ನಿಮ್ಮ ರೇಡಿಯೋದ್ದು ತಪ್ಪಲ್ಲ. ನಂದು.”

ಮಾರ್ಲಿಸ್ ಅವನ ಕಡೆ ನೋಡಲೇ ಇಲ್ಲ. ಅವಳ ಕಣ್ಣು ಪರದೆಯ ಬುಡದಲ್ಲಿತ್ತು. ಉತ್ತರ ಬರೆಯುವ ಚೌಕದಲ್ಲಿ ಇನ್ನೂ ಕಳಿಸದ ಒಂದೆರಡು ಸಾಲು ಇದ್ದವು, ಕೊನೆಯಲ್ಲಿ ಕರ್ಸರಿನ ಸಣ್ಣ ಕಡ್ಡಿ ಮಿನುಗುತ್ತಲೇ ಇತ್ತು.

“ಇದನ್ನ ಓದಿದ್ರಾ ನೀವು?”

ವೆಂಡೆಲ್ ಬಗ್ಗಿ ಓದಿದ.

‘ಥರ್ಮೋಸ್ ಈ ಸಲ ತಮಾಷೆ ಅಲ್ಲ. ಮೆಟ್ಟಿಲು ಹತ್ತಲು ಆಗ್ತಿಲ್ಲ ದನಿ ಬರ್ತಿಲ್ಲ. ನನ್ನ ಮನೆಗೆ ಫೋನ್ ಮಾಡು. ನಂಬರು ನಿನ್ನ ಹತ್ತಿರ ಇದೆ. ಮಾರ್ಲಿಸ್ ಮೇಲೆ ಅಡಿಗೆಮನೆ’

ಅಷ್ಟೇ ಇತ್ತು. ತಲೆಯ ಮೇಲೆ, ಹದಿಮೂರು ಮೆಟ್ಟಿಲಾಚೆ ಇದ್ದ ಹೆಂಡತಿಯನ್ನು ಕರೆಯಲು ಆರಿನ್‌ಗೆ ತೋಚಿದ್ದು ನಾಲ್ಕು ಗಂಟೆ ದೂರದ ಹಗೆಯನ್ನು ಎಬ್ಬಿಸುವುದು. ಅದನ್ನೂ ಕಳಿಸಲು ಆಗಿರಲಿಲ್ಲ. ವೆಂಡೆಲ್ ಆ ಕುರ್ಚಿಯ ಬೆನ್ನು ಹಿಡಿದುಕೊಂಡ. ತಾನು ಮೈನಸ್ ಒತ್ತದೆ ಸುಮ್ಮನೆ ‘ಹುಷಾರಿದ್ದೀಯಾ’ ಎಂದು ಕೇಳಿದ್ದರೆ ಸಾಕಿತ್ತು. ಏಳು ವರ್ಷದ ಹಿಂದೆ ಆ ಮನುಷ್ಯ ಕೇಳಿದ್ದು ಅಷ್ಟನ್ನೇ.

“ನಂಬರು ಇದೆಯಾ ನಿಮ್ಮ ಹತ್ರ?” ಎಂದಳು ಮಾರ್ಲಿಸ್.

“ಇದೆ.”

“ನಾನು ಮೇಲೆ ಹೋಗ್ತೀನಿ. ರೇಡಿಯೋ ಹಾಕ್ತೀನಿ, ಅವತ್ತು ಎಷ್ಟು ಜೋರಿತ್ತೋ ಅಷ್ಟೇ. ಆಮೇಲೆ ಮಾಡಿ.”

“ಅಮ್ಮ, ಬೇಡ. ಅದರಿಂದ ಏನು ಬಂತು?”

“ನಂಗೆ ಕೇಳ್ತಿತ್ತಾ ಇಲ್ವಾ ಅಂತ ಗೊತ್ತಾಗ್ಬೇಕು. ಅವ್ರು ಹೇಳಿದ ಕೆಲ್ಸ ನೀವು ಮಾಡಿ.”

ಅವಳು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ಎರಡು ಕಡೆ ನಿಂತು ಸುಧಾರಿಸಿಕೊಂಡಳು. ಮೇಲೆ ಬಾಗಿಲು ಮುಚ್ಚಿತು. ಕುರ್ಚಿ ಎಳೆದ ಸದ್ದು, ಆಮೇಲೆ ರೇಡಿಯೋ. ಬ್ಯಾಂಜೋ ಬಾರಿಸುವ ಯಾವುದೋ ಹಾಡು ನೆಲದ ಹಲಗೆಗಳ ಮೂಲಕ ಇಳಿದು ಬಂತು. ಜೋರಾಗಿಯೇ ಇತ್ತು.

ವೆಂಡೆಲ್ ಮೊಬೈಲು ತೆಗೆದ. ತುಕ್ಕುಮೊಳೆ ಎಂಬ ಹೆಸರನ್ನು ಒತ್ತಿದ. ಮೇಲೆ ಗೋಡೆಯ ಫೋನು ಹೊಡೆದುಕೊಂಡಿತು. ಮೊದಲ ರಿಂಗು ಪೂರ್ತಿ ಮುಗಿಯುವ ಮೊದಲೇ ಅವಳು ಎತ್ತಿದಳು.

“ಹಲೋ,” ಎಂದಳು ಮಾರ್ಲಿಸ್. ಅವನ ಕಿವಿಯಲ್ಲಿ ಬ್ಯಾಂಜೋ ಸ್ವಲ್ಪ ತಡವಾಗಿ ಇನ್ನೊಂದು ಸಲ ಕೇಳಿಸುತ್ತಿತ್ತು. “ಪ್ರೂಯಿಟ್ ಮನೆ. ಯಾರು ಮಾತಾಡೋದು?”

“ನಾನು... ಆರಿನ್ ಸ್ನೇಹಿತ, ಇಂಡಿಯಾನಾದಿಂದ,” ಎಂದ ವೆಂಡೆಲ್. “ಅವರಿಗೆ ಹುಷಾರಿಲ್ಲ. ಕೆಳಗಿದಾರೆ. ಸ್ವಲ್ಪ ಹೋಗಿ ನೋಡ್ತೀರಾ?”

ಕೈಬಿಟ್ಟ ರಿಸೀವರು ಗೋಡೆಗೆ ಬಡಿದುಕೊಳ್ಳುವುದು ಕೇಳಿಸಿತು. ಬಾಗಿಲು ದಢಾರನೆ ತೆರೆಯಿತು. ಕಂಬಿಯನ್ನೂ ಹಿಡಿಯದೆ, ಎರವಲು ಉಡುಪನ್ನು ಮುಷ್ಟಿಯಲ್ಲಿ ಎತ್ತಿ ಹಿಡಿದು, ಅರವತ್ತಾರರ ಆ ಹೆಂಗಸು ಹದಿಮೂರು ಮೆಟ್ಟಿಲನ್ನು ಎಷ್ಟು ಬೇಗ ಇಳಿದು ಬಂದಳೆಂದರೆ, ವೆಂಡೆಲ್ ಇನ್ನೂ ಫೋನನ್ನು ಕಿವಿಯಿಂದ ತೆಗೆದಿರಲಿಲ್ಲ.